ಹಲ್ಲಿಯ ಮೇಲಿನ ಆರೋಪ

ಮದುವೆ ಮನೆಯಲ್ಲೋ, ವಸತಿ ಶಾಲೆಯಲ್ಲೋ ಊಟ ಮಾಡಿದವರು ಸಾಲಾಗಿ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರೆ ಮರುದಿನದ ಪತ್ರಿಕೆಯಲ್ಲಿ ಒಂದು ಸಾಲು ಹೆಚ್ಚುಕಡಿಮೆ ತಪ್ಪದೆ ಬರುತ್ತದೆ: ಸಾಂಬಾರಿನಲ್ಲಿ ಹಲ್ಲಿ ಬಿದ್ದಿತ್ತೆಂದು ಹೇಳಲಾಗಿದೆ. ಹಲ್ಲಿ ಸಿಕ್ಕಿತೇ, ಸಿಕ್ಕಿದ್ದರೆ ಅದನ್ನು ಯಾರಾದರೂ ಪರೀಕ್ಷಿಸಿದರೇ ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಯಾರಿಗೂ ಕಾಣುವುದಿಲ್ಲ. ಹಲ್ಲಿ ಎಂದರೆ ವಿಷ ಎಂಬುದು ನಮಗೆ ಹುಟ್ಟಿನಿಂದ ಗೊತ್ತಿರುವ 'ಸತ್ಯ'. ಆದರೆ ನಮ್ಮ ಗೋಡೆಗಳ ಮೇಲೆ ಲೊಚಗುಟ್ಟುವ ಮನೆಹಲ್ಲಿಗೆ ವಿಷವಿಲ್ಲ. ಅದರ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ನಿಜ. ಅದು ಕುದಿಯುವ ಸಾಂಬಾರಿನಲ್ಲಿ ಬದುಕುವುದಿಲ್ಲ. ಹಲ್ಲಿ ಬಿದ್ದ ಸಾರು ಅಸಹ್ಯವೇ ಹೊರತು ಎರಡು ಗಂಟೆಯಲ್ಲಿ ಇನ್ನೂರು ಜನರನ್ನು ಮಲಗಿಸುವ ಶಕ್ತಿ ಅದಕ್ಕಿಲ್ಲ.

ಹಾಗಿದ್ದರೆ ಮಲಗಿಸಿದ್ದು ಯಾವುದು? ಈ ಪ್ರಶ್ನೆ ನನ್ನನ್ನು ಹಿಡಿದದ್ದು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ಅರಸೀಕೆರೆ ತಾಲೂಕಿನ ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ಒಂದಷ್ಟು ದೂರ ನಡೆದರೆ ಸಿಗುವ ಹಳ್ಳಿಯೊಂದರಲ್ಲಿ ಮದುವೆ. ಬಿರಿಯಾನಿ, ದಾಲ್ಚಾ, ಕೊನೆಗೆ ಫಿರ್ನಿ. ಊರಿನ ಲಿಂಗಾಯತ, ಒಕ್ಕಲಿಗ ಮನೆಗಳವರಿಗೆ ಬೇರೆ ಒಲೆಯಲ್ಲಿ ಅನ್ನ ಸಾರು. ಫಿರ್ನಿ ಮಾತ್ರ ಎಲ್ಲರಿಗೂ ಒಂದೇ ಹಂಡೆಯದು. ಸಂಜೆ ಐದರ ಹೊತ್ತಿಗೆ ಮೊದಲ ಮಗು ವಾಂತಿ ಮಾಡಿಕೊಂಡಿತು. ದೀಪ ಹಚ್ಚುವ ಹೊತ್ತಿಗೆ ಮನೆಯ ಮುಂದಿನ ಚಪ್ಪರವೇ ಆಸ್ಪತ್ರೆಯಾಗಿತ್ತು. ಮರುದಿನ ಮಧ್ಯಾಹ್ನದೊಳಗೆ ಎಲ್ಲರೂ ಎದ್ದು ಓಡಾಡಿದರು, ಯಾರಿಗೂ ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಒಬ್ಬನ ಬದುಕು ಮಾತ್ರ ಅಂದಿಗೇ ಮುಗಿಯಿತು. ಸುತ್ತಲ ಹತ್ತು ಹಳ್ಳಿಗಳ ಮದುವೆಗಳಿಗೆ ಅಡುಗೆ ಮಾಡುತ್ತಿದ್ದ ಬಾವರ್ಚಿ ಚಾಚಾನದು. ಮೊದಲು ಹಲ್ಲಿ ಎಂದರು. ಆಮೇಲೆ ಮಾಂಸ ಹಳೆಯದು ಎಂದರು. ಕೊನೆಗೆ, ಅವನಿಗೆ ಯಾರೋ ದುಡ್ಡು ಕೊಟ್ಟು ಏನನ್ನೋ ಹಾಕಿಸಿದ್ದಾರೆ ಎಂಬಲ್ಲಿಗೆ ಮಾತು ಮುಟ್ಟಿತು. ಅದರ ನಂತರ ಆ ಕಡೆಯ ಯಾವ ಮದುವೆಗೂ ಅವನನ್ನು ಕರೆಯಲಿಲ್ಲ.

ಅನ್ನ ವಿಷವಾದಾಗ ಮನುಷ್ಯ ಮೊದಲು ಹುಡುಕುವುದು ವಿಷ ಹಾಕಿದವನನ್ನು. ಇದು ಗಂಡಸಿಯ ಸುತ್ತಿನ ರೂಢಿಯಷ್ಟೇ ಅಲ್ಲ. ಆಹಾರದ ನಂಜಿನ ಬಗ್ಗೆ ವಿಜ್ಞಾನ ಬೆಳೆದು ಬಂದ ಕಥೆಯೂ ಇಂಥದೇ ಒಂದು ಆರೋಪದಿಂದ ಶುರುವಾಗುತ್ತದೆ.

ಹೆಣದ ನಂಜು

1870ರ ದಶಕದಲ್ಲಿ ಇಟಲಿಯ ಬೊಲೋನ್ಯದಲ್ಲಿ ಫ್ರಾನ್ಸೆಸ್ಕೊ ಸೆಲ್ಮಿ ಎಂಬ ರಸಾಯನ ವಿಜ್ಞಾನಿಯಿದ್ದರು. ಕೊಲೆ ಮೊಕದ್ದಮೆಗಳಲ್ಲಿ ಶವದ ಪರೀಕ್ಷೆ ಮಾಡಿ ವಿಷವಿತ್ತೋ ಇಲ್ಲವೋ ಎಂದು ಹೇಳುವುದು ಅವರ ಕೆಲಸದ ಒಂದು ಭಾಗ. ಆಗ ಅವರಿಗೆ ವಿಚಿತ್ರವೊಂದು ಕಂಡಿತು. ಯಾರೂ ವಿಷ ಕೊಡದೆ ಸಹಜವಾಗಿ ಸತ್ತವರ ಶವದಲ್ಲೂ, ಅದು ಕೊಳೆಯುತ್ತಿರುವಾಗ, ಸಸ್ಯಜನ್ಯ ವಿಷಗಳನ್ನು ಹೋಲುವ ವಸ್ತುಗಳು ತಾವಾಗಿಯೇ ಹುಟ್ಟುತ್ತವೆ. ಸೇನಾಧಿಕಾರಿಯೊಬ್ಬನ ಸಾವಿಗೆ ಅವನ ಸೇವಕನೇ ಕಾರಣ, ಆತನೇ ವಿಷವಿಕ್ಕಿದ ಎಂದು ಆರೋಪ ಬಂದಿದ್ದ ಪ್ರಕರಣದಲ್ಲಿ, ತಜ್ಞರು ಕಂಡ ವಿಷ ಹೊರಗಿನಿಂದ ಬಂದದ್ದಲ್ಲ, ಶವದಲ್ಲೇ ಹುಟ್ಟಿದ್ದು ಎಂದು ಸೆಲ್ಮಿ ತೋರಿಸಿದರು. ಈ ವಸ್ತುಗಳಿಗೆ ಅವರಿಟ್ಟ ಹೆಸರು 'ಟೊಮೇನ್'. ಹೆಣ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು.

ಒಬ್ಬ ಸೇವಕನನ್ನು ಕಾಪಾಡಿದ ಈ ಕಲ್ಪನೆ ಬೇಗನೆ ಇನ್ನೊಂದು ದಾರಿ ಹಿಡಿಯಿತು. ಹೆಣದಲ್ಲಿ ಹುಟ್ಟುವ ನಂಜು ಹಳಸಿದ ಮಾಂಸದಲ್ಲೂ ಚೀಸಿನಲ್ಲೂ ಹುಟ್ಟುತ್ತದೆ, ಊಟ ವಿಷವಾಗುವುದು ಇದರಿಂದಲೇ ಎಂದು ವೈದ್ಯರು ನಂಬಿದರು. 1884ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಚೀಸು ತಿಂದ ಸುಮಾರು ಮುನ್ನೂರು ಜನ ಕಾಯಿಲೆ ಬಿದ್ದಾಗ ವಿಕ್ಟರ್ ವಾನ್ ಎಂಬ ವಿಜ್ಞಾನಿ ಅದರಲ್ಲೂ ಒಂದು ರಾಸಾಯನಿಕವನ್ನು ಕಂಡುಹಿಡಿದೆ ಎಂದು ಹೇಳಿ ಅದಕ್ಕೊಂದು ಹೆಸರಿಟ್ಟರು. ಅದೇ ಚೀಸಿನಲ್ಲಿ ದುಂಡನೆಯ ಸೂಕ್ಷ್ಮಜೀವಿಗಳಿದ್ದವೆಂಬುದನ್ನು ಇನ್ನೊಬ್ಬ ವಿಜ್ಞಾನಿ ಗಮನಿಸಿದ್ದರು. ಅದಕ್ಕೆ ಯಾರೂ ಹೆಚ್ಚಿನ ಬೆಲೆ ಕೊಡಲಿಲ್ಲ.

ಟೊಮೇನ್ ವಾದದಲ್ಲೊಂದು ದೊಡ್ಡ ತೊಡಕಿತ್ತು. ಕೊಳೆತು ನಾರುವ ಆಹಾರವನ್ನು ಯಾರೂ ತಿನ್ನುವುದಿಲ್ಲ. ಜನರನ್ನು ಮಲಗಿಸುತ್ತಿದ್ದದ್ದು ನೋಡಲು ಚೆನ್ನಾಗಿದ್ದ, ಮೂಸಲು ಚೆನ್ನಾಗಿದ್ದ, ರುಚಿಯಾಗಿಯೂ ಇದ್ದ ಊಟ. ಆ ದಿನದ ಫಿರ್ನಿಯೂ ಹಾಗೆಯೇ ಇತ್ತು. ನಾನು ಎರಡು ಬಟ್ಟಲು ತಿಂದಿದ್ದೆ.

ದ್ರಾಕ್ಷಿ ಗೊಂಚಲು

ಈ ದುಂಡನೆಯ ಜೀವಿಗೆ ಹೆಸರಿಟ್ಟದ್ದು ಅಡುಗೆಮನೆಯ ಕಡೆಯಿಂದ ಬಂದವರಲ್ಲ, ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರಚಿಕಿತ್ಸಕ ಅಲೆಕ್ಸಾಂಡರ್ ಆಗ್‌ಸ್ಟನ್. ಕುರು, ಬಾವುಗಳ ಕೀವನ್ನು 1880ರ ಸುಮಾರಿಗೆ ಸೂಕ್ಷ್ಮದರ್ಶಕದಲ್ಲಿ ನೋಡಿದ ಅವರಿಗೆ ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ಕಾಳುಗಳು ಕಂಡವು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಗೊಂಚಲಿಗಿರುವ ಹೆಸರಿನಿಂದಲೇ 1882ರಲ್ಲಿ ಅದನ್ನು 'ಸ್ಟ್ಯಾಫಿಲೊಕಾಕಸ್' ಎಂದು ಕರೆದರು. ಅದರಲ್ಲಿ ಹೊನ್ನಿನ ಬಣ್ಣಕ್ಕೆ ಬೆಳೆಯುವ ಜಾತಿಗೆ 'ಆರಿಯಸ್' ಎಂದು ಜರ್ಮನಿಯ ರೋಸೆನ್‌ಬಾಕ್ 1884ರಲ್ಲಿ ಹೆಸರು ಸೇರಿಸಿದರು. ಇದು ಕಾಡಿನಿಂದಲೋ ಹೊಲಸಿನಿಂದಲೋ ಬರುವ ಜೀವಿಯಲ್ಲ. ನಮ್ಮ ನಿಮ್ಮ ಮೂಗಿನ ಹೊಳ್ಳೆಯಲ್ಲಿ, ಚರ್ಮದ ಮೇಲೆ ಮನೆಮಾಡಿಕೊಂಡಿರುವಂಥದ್ದು. ಸುಮಾರು ನಾಲ್ವರಲ್ಲಿ ಒಬ್ಬರು ಇದನ್ನು ಸದಾ ಹೊತ್ತು ತಿರುಗುತ್ತಾರೆ. ಹಸುವಿನ ಕೆಚ್ಚಲು ಬಾವಿಗೂ ಇದು ಒಂದು ಮುಖ್ಯ ಕಾರಣ.

ಕೆಚ್ಚಲಿನಿಂದ ಹಂಡೆಗೆ ಇರುವ ದಾರಿಯನ್ನು ತೋರಿಸಿಕೊಟ್ಟವರು ಬಾರ್ಬರ್ ಎಂಬ ಅಮೆರಿಕನ್ ವಿಜ್ಞಾನಿ. ಫಿಲಿಪೀನ್ಸಿನ ಮನಿಲಾದಲ್ಲಿ ಸರಕಾರಿ ಪ್ರಯೋಗಾಲಯದಲ್ಲಿದ್ದ ಅವರಿಗೆ ಹೊಲದ ಮನೆಯೊಂದರಲ್ಲಿ ಹಾಲು ಕುಡಿದಾಗಲೆಲ್ಲ ಹೊಟ್ಟೆ ಕೆಡುತ್ತಿತ್ತು. ಬೇರೆಯವರಾಗಿದ್ದರೆ ಆ ಮನೆಯ ಹಾಲು ಬಿಡುತ್ತಿದ್ದರು. ಬಾರ್ಬರ್ ಮತ್ತೆ ಮತ್ತೆ ಕುಡಿದರು. ಕರೆದ ಕೂಡಲೇ ಕುಡಿದರೆ ಏನೂ ಆಗುತ್ತಿರಲಿಲ್ಲ. ಅದೇ ಹಾಲನ್ನು ಕೆಲವು ಗಂಟೆ ಬೆಚ್ಚಗೆ ಇಟ್ಟು ಕುಡಿದರೆ ಎರಡು ಗಂಟೆಯೊಳಗೆ ವಾಂತಿ. ಹಸು ನೋಡಲು ಆರೋಗ್ಯವಾಗಿತ್ತು. ಆದರೆ ಅದರ ಕೆಚ್ಚಲಿನಲ್ಲಿ ಸ್ಟ್ಯಾಫಿಲೊಕಾಕಸ್ ಇತ್ತು. 1914ರಲ್ಲಿ ಅವರು ಪ್ರಕಟಿಸಿದ ಈ ಸಂಗತಿಯಲ್ಲಿ ಎರಡು ಮುಖ್ಯ ಮಾತುಗಳಿವೆ. ಕಾಯಿಲೆ ತಂದದ್ದು ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಬಿಟ್ಟ ಒಂದು ನಂಜು. ಅದು ಹುಟ್ಟಲು ಬೇಕಾದದ್ದು ಕೊಳಕಲ್ಲ, ಹೊತ್ತು.

ಆದರೂ ಬಾರ್ಬರ್ ಅವರ ಮಾತನ್ನು ಜಗತ್ತು ಮರೆತೇಬಿಟ್ಟಿತು. 1929ರ ಕ್ರಿಸ್ಮಸ್ ಹೊತ್ತಿಗೆ ಶಿಕಾಗೋದಲ್ಲಿ ಕೆನೆ ತುಂಬಿದ ಕೇಕು ತಿಂದ ಹನ್ನೊಂದು ಜನ ಕಾಯಿಲೆ ಬಿದ್ದರು. ಅಲ್ಲಿನ ವಿಶ್ವವಿದ್ಯಾಲಯದ ಗೇಲ್ ಡ್ಯಾಕ್ ಆ ಕೇಕಿನಿಂದ ಹಳದಿ ಸ್ಟ್ಯಾಫಿಲೊಕಾಕಸನ್ನು ಬೇರ್ಪಡಿಸಿ ಬೆಳೆಸಿದರು. ನಂತರ ಬ್ಯಾಕ್ಟೀರಿಯಾವನ್ನೆಲ್ಲ ಸೋಸಿ ತೆಗೆದು ಉಳಿದ ತಿಳಿಯನ್ನು ಒಪ್ಪಿಕೊಂಡ ಸ್ವಯಂಸೇವಕರಿಗೆ ಕುಡಿಸಿದರು. ಒಂದೇ ಒಂದು ಜೀವಂತ ಬ್ಯಾಕ್ಟೀರಿಯಾ ಇಲ್ಲದ ಆ ನೀರು ಕುಡಿದವರೂ ವಾಂತಿ ಮಾಡಿಕೊಂಡರು. ಇಂದು ಇಂಥ ಪ್ರಯೋಗಕ್ಕೆ ಅಷ್ಟು ಸುಲಭವಾಗಿ ಅನುಮತಿ ಸಿಗಲಾರದು. 1930ರಲ್ಲಿ ಪ್ರಕಟವಾದ ಈ ಕೆಲಸದ ನಂತರ ಟೊಮೇನ್ ವಾದ ನಿಧಾನವಾಗಿ ಮೂಲೆ ಸೇರಿತು. ಹೊಟ್ಟೆ ಕೆಡಿಸುವ ಈ ನಂಜಿಗೆ 'ಎಂಟರೋಟಾಕ್ಸಿನ್', ಅಂದರೆ ಕರುಳಿನ ನಂಜು, ಎಂಬ ಹೆಸರು ನಿಂತಿತು.

ಅದೇ ವರ್ಗದ ಇನ್ನೊಂದು ನಂಜನ್ನು ಬಯಲಿಗೆಳೆದವರು ನಮ್ಮವರೇ. 1959ರಲ್ಲಿ ಕಲ್ಕತ್ತೆಯ ಶಂಭುನಾಥ್ ಡೇ ಕಾಲರಾ ರೋಗಾಣುವನ್ನು ಬೆಳೆಸಿ, ಸೋಸಿ, ರೋಗಾಣುವಿಲ್ಲದ ತಿಳಿಯನ್ನು ಮೊಲದ ಕರುಳಿನ ತುಣುಕಿಗೆ ಸೇರಿಸಿ, ಕಾಲರಾದಂತೆಯೇ ಕರುಳು ನೀರು ತುಂಬಿಕೊಳ್ಳುವುದನ್ನು ತೋರಿಸಿದರು. ಕಾಲರಾ ಕೊಲ್ಲುವುದು ಒಂದು ನಂಜಿನಿಂದ ಎಂದು ಹೇಳಿದ ಈ ಮನುಷ್ಯನಿಗೆ ಅವರ ಜೀವಿತಕಾಲದಲ್ಲಿ ತಕ್ಕ ಗೌರವ ದೇಶದಲ್ಲೂ ಸಿಗಲಿಲ್ಲ, ಹೊರಗೂ ಹೆಚ್ಚು ಸಿಗಲಿಲ್ಲ. 1985ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಏಕಿಲ್ಲ ಎಂದು ನನಗೆ ಈಗಲೂ ಅರ್ಥವಾಗಿಲ್ಲ.

ಕುದಿಸಿದರೆ ಸಾಲದು

ಸ್ಟ್ಯಾಫಿಲೊಕಾಕಸ್ ನಂಜಿನ ಬಗ್ಗೆ ನಮ್ಮ ಅಡುಗೆಮನೆಗಳು ತಿಳಿಯಲೇಬೇಕಾದ ಒಂದು ಸಂಗತಿಯಿದೆ. ಬ್ಯಾಕ್ಟೀರಿಯಾ ಕುದಿನೀರಿನಲ್ಲಿ ಸಾಯುತ್ತದೆ. ಅದು ಬಿಟ್ಟುಹೋದ ನಂಜು ಸಾಯುವುದಿಲ್ಲ. ಅರ್ಧ ಗಂಟೆ ಕುದಿಸಿದರೂ ಅದರ ಬಲ ಪೂರ್ತಿ ಅಡಗುವುದಿಲ್ಲ. ಹೊಟ್ಟೆಯ ಆಮ್ಲ, ಜೀರ್ಣರಸಗಳೂ ಅದನ್ನು ಸುಲಭವಾಗಿ ಒಡೆಯಲಾರವು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ಕಡಿಮೆ ಪ್ರಮಾಣ ಒಬ್ಬ ಮನುಷ್ಯನನ್ನು ಮಲಗಿಸಲು ಸಾಕು. ಬಣ್ಣ, ವಾಸನೆ, ರುಚಿ ಏನೂ ಇಲ್ಲ. 'ಇನ್ನೊಂದು ಕುದಿ ಬರಿಸಿದರೆ ಏನೂ ಆಗುವುದಿಲ್ಲ' ಎಂಬ ನಮ್ಮ ಹಿರಿಯರ ನಂಬಿಕೆ ಬಹಳಷ್ಟು ರೋಗಗಳ ಮಟ್ಟಿಗೆ ಸರಿ. ಇಲ್ಲಿ ಮಾತ್ರ ಅದು ಕೈಕೊಡುತ್ತದೆ.

ಇದನ್ನು ದೊಡ್ಡ ಬೆಲೆ ತೆತ್ತು ಕಲಿತದ್ದು ಜಪಾನ್. ಅದೂ ಎರಡು ಬಾರಿ. 1975ರ ಫೆಬ್ರವರಿಯಲ್ಲಿ ಟೋಕಿಯೋದಿಂದ ಅಲಾಸ್ಕಾದ ಆಂಕರೇಜ್ ಮಾರ್ಗವಾಗಿ ಯುರೋಪಿಗೆ ಹೊರಟಿದ್ದ ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ 344 ಪ್ರಯಾಣಿಕರಿದ್ದರು. ಬೆಳಗಿನ ತಿಂಡಿ ತಿಂದ ಸ್ವಲ್ಪ ಹೊತ್ತಿನಲ್ಲೇ 196 ಜನ ಕಾಯಿಲೆ ಬಿದ್ದರು. ಕೋಪನ್‌ಹೇಗನ್‌ನಲ್ಲಿ ವಿಮಾನ ಇಳಿದಾಗ ನೂರನಲವತ್ತಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ತನಿಖೆ ಆಂಕರೇಜಿನ ಅಡುಗೆಮನೆಯವರೆಗೆ ಹೋಯಿತು. ಆಮ್ಲೆಟ್ಟಿನ ಜೊತೆ ಬಡಿಸಿದ್ದ ಮಾಂಸದ ತುಣುಕುಗಳನ್ನು ಜೋಡಿಸಿದ ಅಡುಗೆಯವನೊಬ್ಬನ ಬೆರಳುಗಳಲ್ಲಿ ಕೀವು ತುಂಬಿದ ಗುಳ್ಳೆಗಳಿದ್ದವು. ಆದರೆ ಗುಳ್ಳೆಯಿಂದ ಬಂದದ್ದು ಒಂದಿಷ್ಟು ಬೀಜ ಮಾತ್ರ. ಫಸಲು ಬೆಳೆದದ್ದು, ಆ ತಿಂಡಿಯನ್ನು ಗಂಟೆಗಟ್ಟಲೆ ಕೋಣೆಯ ಬಿಸಿಯಲ್ಲೇ ಇಟ್ಟು, ರಾತ್ರಿಯೂ ಸಾಕಷ್ಟು ತಣ್ಣಗಿಡದೆ ಹೋದುದರಿಂದ. ಆ ಅಡುಗೆ ಸಂಸ್ಥೆಯ ಮೇಲಧಿಕಾರಿ ಸುದ್ದಿ ತಿಳಿದು ಆತ್ಮಹತ್ಯೆ ಮಾಡಿಕೊಂಡರು. ಪ್ರಯಾಣಿಕರಲ್ಲಿ ಒಬ್ಬರೂ ಸಾಯದ ಘಟನೆಯಲ್ಲಿ ಸತ್ತದ್ದು ಅವರೊಬ್ಬರೇ.

ಎರಡನೆಯದು 2000ನೇ ಇಸವಿಯ ಜೂನ್ ಜುಲೈ ತಿಂಗಳದ್ದು. ಒಸಾಕಾ ಸುತ್ತಮುತ್ತ ಸ್ನೋ ಬ್ರಾಂಡ್ ಕಂಪೆನಿಯ ಹಾಲು ಕುಡಿದ ಹದಿಮೂರು ಸಾವಿರಕ್ಕೂ ಹೆಚ್ಚು ಜನ ವಾಂತಿ ಭೇದಿಗೆ ತುತ್ತಾದರು. ಎಲ್ಲರೂ ಮೊದಲು ಒಸಾಕಾ ಕಾರ್ಖಾನೆಯ ಕೊಳಾಯಿಗಳನ್ನು ಬೈದರು. ನಿಜವಾದ ಕಾರಣ ದೂರದ ಹೊಕ್ಕೈಡೊ ದ್ವೀಪದ ಇನ್ನೊಂದು ಕಾರ್ಖಾನೆಯಲ್ಲಿತ್ತು. ಮಾರ್ಚ್ ಕೊನೆಯಲ್ಲಿ ಅಲ್ಲಿ ಸುಮಾರು ಮೂರು ಗಂಟೆ ಕರೆಂಟು ಹೋಗಿತ್ತು. ತಣ್ಣಗಾಗದೆ ನಿಂತ ಹಾಲಿನಲ್ಲಿ ಸ್ಟ್ಯಾಫಿಲೊಕಾಕಸ್ ಬೆಳೆಯಿತು, ನಂಜು ಬಿಟ್ಟಿತು. ಆ ಹಾಲನ್ನು ಕಾಯಿಸಿ ಪುಡಿ ಮಾಡಿದರು. ಬ್ಯಾಕ್ಟೀರಿಯಾ ಸತ್ತಿತು. ಪುಡಿಯನ್ನು ಪರೀಕ್ಷಿಸಿದರೆ ಶುದ್ಧ. ತಿಂಗಳುಗಳ ನಂತರ ಆ ಪುಡಿಯನ್ನು ನೀರಿನಲ್ಲಿ ಕದಡಿ ಹಾಲು ಮಾಡಿದಾಗ, ಸತ್ತ ಬ್ಯಾಕ್ಟೀರಿಯಾದ ಬದುಕಿದ್ದ ನಂಜು ಹದಿಮೂರು ಸಾವಿರ ಜನರ ಹೊಟ್ಟೆ ಸೇರಿತು. ಮೂರು ಗಂಟೆ ಕರೆಂಟು ಹೋಗುವುದು ಜಪಾನಿಗೆ ದೊಡ್ಡ ಸುದ್ದಿ. ನಮ್ಮ ಹಳ್ಳಿಗಳಲ್ಲಿ ಅದನ್ನು ಯಾರೂ ಲೆಕ್ಕಕ್ಕೂ ಇಡುವುದಿಲ್ಲ.

ಬೆಣ್ಣೆ ಚಾವಡಿಯ ನಾಡು

ಹಾಲಿನ ಮಾತು ಬಂದಾಗ ಗಂಡಸಿಯ ಸೀಮೆಗೆ ಮರಳಲೇಬೇಕು. ಹಾಸನ, ತುಮಕೂರು, ಚಿಕ್ಕಮಗಳೂರು, ಚಿತ್ರದುರ್ಗ ಸೇರುವ ಈ ಒಣಭೂಮಿ ಅಮೃತಮಹಲ್ ದನಗಳ ನಾಡು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ ಹದಿನೇಳನೇ ಶತಮಾನದ ಕೊನೆಯಲ್ಲಿ, ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಸಾಕಿದ್ದ ದನಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂದೇ ಹೆಸರಿತ್ತು. ಹೈದರಾಲಿ ಅದನ್ನು ಬೆಳೆಸಿದ. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೊಸ ಹೆಸರಿಟ್ಟು, ಮೇವಿನ ಕಾವಲುಗಳನ್ನು, ಎತ್ತುಗಳ ಪಾಲನೆಯನ್ನು ನಿಯಮಕ್ಕೆ ಒಳಪಡಿಸಿದ. ಫಿರಂಗಿ ಎಳೆದ ಎತ್ತುಗಳಿಂದಾಗಿ ಅಮೃತಮಹಲ್ ಹೆಸರಾಯಿತು, ಬೆಣ್ಣೆಯ ಮಾತು ಹಿಂದೆ ಸರಿಯಿತು.

ಹಳೆಯ ಹೆಸರನ್ನೊಮ್ಮೆ ಗಮನಿಸಿ. ಅದು ಹಾಲಿನ ಚಾವಡಿಯಲ್ಲ, ಬೆಣ್ಣೆಯ ಚಾವಡಿ. ಮಂಜುಗಡ್ಡೆಯಿಲ್ಲದ ನಾಡಿನಲ್ಲಿ ಹಾಲನ್ನು ಹಾಲಾಗಿಯೇ ಉಳಿಸಲು ಸಾಧ್ಯವಿರಲಿಲ್ಲ. ಸಂಜೆಯ ಹಾಲಿಗೆ ಹೆಪ್ಪು ಬಿದ್ದರೆ ಬೆಳಿಗ್ಗೆ ಮೊಸರು. ಕಡೆದರೆ ಬೆಣ್ಣೆ, ಉಳಿದದ್ದು ಮಜ್ಜಿಗೆ. ಕಾಯಿಸಿದರೆ ತುಪ್ಪ. ಹೆಪ್ಪಿನ ಹುಳಿ ಬ್ಯಾಕ್ಟೀರಿಯಾಗಳು ಚುರುಕಾಗಿ ಬೆಳೆದು ಹಾಲನ್ನು ಆಮ್ಲವಾಗಿಸಿ ಸ್ಟ್ಯಾಫಿಲೊಕಾಕಸ್ ತಲೆಯೆತ್ತದಂತೆ ಹತ್ತಿಕ್ಕುತ್ತವೆ. ತುಪ್ಪದಲ್ಲಿ ನೀರಿನಂಶವೇ ಇಲ್ಲದ ಕಾರಣ ಅದಕ್ಕೆ ಅಲ್ಲಿ ಬೆಳೆಯಲು ಜಾಗವಿಲ್ಲ. ನಮ್ಮ ಅಜ್ಜಿಯಂದಿರಿಗೆ ಈ ಬ್ಯಾಕ್ಟೀರಿಯಾದ ಹೆಸರು ಗೊತ್ತಿರಲಿಲ್ಲ. ಹಾಲು ಹುಳಿಯಾಗುವುದನ್ನು ತಡೆಯುವ ಬದಲು ತಾವೇ ಹುಳಿ ಮಾಡಿದರು. ಹಾಲಿನ ಸಿಹಿ ಮಾತ್ರ ಈ ಕಾವಲಿನಿಂದ ಹೊರಗೆ ಉಳಿಯಿತು. ಖೋವಾ, ಪೇಡಾ, ಫಿರ್ನಿ, ಖೀರು ಇವುಗಳಲ್ಲಿ ಹುಳಿಯಿಲ್ಲ. ಹಾಲಿನ ಪೌಷ್ಟಿಕತೆಯೆಲ್ಲ ಇದೆ. ಮಾಡಿದ ಮೇಲೆ ಕೈ ತಗಲುತ್ತದೆ. ಹೆಚ್ಚಿನ ಉಪ್ಪು ಸಕ್ಕರೆಯನ್ನು ಬೇರೆ ರೋಗಾಣುಗಳು ತಾಳಲಾರವು, ಇದು ತಾಳುತ್ತದೆ. ಹಾಗಾಗಿ ಪೈಪೋಟಿಯೂ ಇಲ್ಲ.

ಕಾಲ ಬದಲಾಗಿ ಹಾಲು ಹಾಲಾಗಿಯೇ ಪೇಟೆಗೆ ಹೋಗತೊಡಗಿತು. ಕರ್ನಾಟಕದ ಮೊದಲ ಹಾಲು ಸಹಕಾರ ಸಂಘ ಹುಟ್ಟಿದ್ದು 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ. 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನ ಹೈನು ಯೋಜನೆ ಬಂದಾಗ ಮೊದಲ ಹಂತಕ್ಕೆ ಆರಿಸಿದ ನಾಲ್ಕು ದಕ್ಷಿಣ ಜಿಲ್ಲೆಗಳಲ್ಲಿ ಹಾಸನವೂ ಒಂದು. ಊರೂರಿಗೆ 'ಡೈರಿ' ಬಂತು. ಬೆಳಗು ಬೈಗು ಕ್ಯಾನು ಹಿಡಿದು ಸಾಲು ನಿಲ್ಲುವುದು ಈ ಕಡೆಯ ಬದುಕಿನ ಲಯವೇ ಆಯಿತು. ಆ ಸಾಲಿಗೆ ಅವಸರವಿದೆ. ಕರೆದ ಹಾಲು ಬೇಗ ತಣ್ಣಗಾಗಬೇಕು. ಹಳ್ಳಿಗಳಿಗೇ ಬಂದ ದೊಡ್ಡ ಶೀತಲ ತೊಟ್ಟಿಗಳು ಹಾಲನ್ನು ನಾಲ್ಕು ಡಿಗ್ರಿಗೆ ಇಳಿಸುವುದು ಇದಕ್ಕೇ. ಬಾರ್ಬರ್ ಮನಿಲಾದಲ್ಲಿ ಹೊಟ್ಟೆ ಹಿಡಿದುಕೊಂಡು ಕಂಡುಕೊಂಡ ಪಾಠ ಈ ತೊಟ್ಟಿಯಲ್ಲಿದೆ. ಮದುವೆ ಮನೆಯ ಹಂಡೆಗೆ ಮಾತ್ರ ಅದು ಇನ್ನೂ ತಲುಪಿಲ್ಲ.

ಕಾವಲುಗಾರರನ್ನೇ ಕೆಣಕುವ ನಂಜು

ಈ ನಂಜು ಹೊಟ್ಟೆಯ ರೋಗವಷ್ಟೇ ಎಂದು ಬಹುಕಾಲ ತಿಳಿದಿದ್ದರು. 1959ರಲ್ಲೇ ಅಮೆರಿಕದ ಮರ್ಲಿನ್ ಬರ್ಗ್‌ಡಾಲ್ ಮತ್ತು ಸಂಗಡಿಗರು ಇದನ್ನು ಶುದ್ಧವಾಗಿ ಬೇರ್ಪಡಿಸಿದ ವರದಿ ಕೊಟ್ಟರು. ಆ ಹೊತ್ತಿಗೆ ಸೈನ್ಯದ ಕಣ್ಣೂ ಇದರ ಮೇಲೆ ಬಿದ್ದಿತ್ತು. ಶತ್ರುವನ್ನು ಕೊಲ್ಲದೆ ಒಂದೆರಡು ದಿನ ಏಳದಂತೆ ಮಾಡಬಲ್ಲ ಅಸ್ತ್ರ ಎಂದು ಅಮೆರಿಕ ಇದರ 'ಬಿ' ಬಗೆಯನ್ನು ತನ್ನ ಜೈವಿಕ ಅಸ್ತ್ರಗಳ ಪಟ್ಟಿಗೆ ಸೇರಿಸಿಕೊಂಡಿತ್ತು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಜೈವಿಕ ಅಸ್ತ್ರಗಳನ್ನು, 1970ರಲ್ಲಿ ನಂಜಿನ ಅಸ್ತ್ರಗಳನ್ನೂ ಕೈಬಿಡುವುದಾಗಿ ಘೋಷಿಸಿದರು. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಇದೇ ನಂಜುಗಳನ್ನು ಆಹಾರದಲ್ಲಿ ಪತ್ತೆಹಚ್ಚುವ ವಿಧಾನಗಳ ಮೇಲೆ ಕೆಲಸ ಮಾಡಿತು. 1950ರಲ್ಲಿ ಅದೇ ಊರಿನ ಚೆಲುವಾಂಬ ವಿಲಾಸದಲ್ಲಿ ತೆರೆದ ಸಿಎಫ್‌ಟಿಆರ್‌ಐನ ವಿಜ್ಞಾನಿಗಳೂ ನಂಜು ಬಿಡುವ ಸ್ಟ್ಯಾಫಿಲೊಕಾಕಸನ್ನು ಅದರ ವಂಶವಾಹಿಗಳ ಮೂಲಕ ಗುರುತಿಸುವ ಪರೀಕ್ಷೆಗಳನ್ನು ರೂಪಿಸಿದರು.

ತಿರುವು ಬಂದದ್ದು ಅಮೆರಿಕದ ಡೆನ್ವರ್ ನಗರದಿಂದ. 1978ರಲ್ಲಿ ಅಲ್ಲಿನ ಮಕ್ಕಳ ವೈದ್ಯ ಜೇಮ್ಸ್ ಟಾಡ್ ಏಳು ಮಕ್ಕಳಲ್ಲಿ ಕಂಡ ಹೊಸ ಕಾಯಿಲೆಯನ್ನು ವರ್ಣಿಸಿದರು. ಏಕಾಏಕಿ ಜ್ವರ, ಮೈತುಂಬ ಕೆಂಪು, ರಕ್ತದೊತ್ತಡ ಕುಸಿತ. ಹಿಂದೆ ಇದ್ದದ್ದು ಸ್ಟ್ಯಾಫಿಲೊಕಾಕಸ್. 'ಟಾಕ್ಸಿಕ್ ಶಾಕ್' ಎಂದು ಹೆಸರಾಯಿತು. 1980ರಲ್ಲಿ ಹೆಚ್ಚು ಹೀರುವ ಹೊಸ ಬಗೆಯ ಟ್ಯಾಂಪನ್‌ಗಳನ್ನು ಮುಟ್ಟಿನ ದಿನಗಳಲ್ಲಿ ಬಳಸಿದ ನೂರಾರು ಹೆಣ್ಣುಮಕ್ಕಳು ಅಮೆರಿಕದಲ್ಲಿ ಇದಕ್ಕೆ ತುತ್ತಾದರು. ಕೆಲವರು ಸತ್ತರು. ಇದನ್ನು ತಂದ ನಂಜು ಊಟ ಕೆಡಿಸುವ ನಂಜುಗಳ ನೆಂಟನೇ ಆಗಿತ್ತು. ಒಂದಿಷ್ಟೇ ನಂಜು ಇಡೀ ದೇಹವನ್ನು ಹೀಗೆ ಉರುಳಿಸುವುದು ಹೇಗೆ?

ಅದೇ ಡೆನ್ವರಿನ ಜಾನ್ ಕ್ಯಾಪ್ಲರ್ ಮತ್ತು ಫಿಲಿಪ್ಪಾ ಮ್ಯಾರಕ್ ದಂಪತಿ ಮತ್ತು ಸಹೋದ್ಯೋಗಿಗಳು 1989ರಲ್ಲಿ ಉತ್ತರ ಕೊಟ್ಟರು. ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ 'ಟಿ' ಕಣಗಳೆಂಬ ಬಿಳಿ ರಕ್ತಕಣಗಳಿವೆ. ಒಂದೊಂದು ಕಣ ಒಂದೊಂದು ಬಗೆಯ ಶತ್ರುವನ್ನು ಮಾತ್ರ ಗುರುತಿಸಬಲ್ಲದು. ಊರಿಗೆ ಕಳ್ಳ ಬಂದರೆ ಅವನ ಮುಖ ಬಲ್ಲ ಒಬ್ಬಿಬ್ಬರು ಕಾವಲುಗಾರರು ಎದ್ದು ಉಳಿದವರನ್ನು ಬೇಕಾದಷ್ಟೇ ಕೂಗುವಂತೆ, ಒಂದು ರೋಗಾಣು ಬಂದಾಗ ಹತ್ತು ಸಾವಿರಕ್ಕೊಂದು ಕಣವೂ ಎಚ್ಚರಗೊಳ್ಳುವುದಿಲ್ಲ. ಈ ನಂಜು ಆ ಕ್ರಮವನ್ನೇ ಮುರಿಯುತ್ತದೆ. ಶತ್ರುವಿನ ಗುರುತು ತೋರಿಸುವ ಕಣವನ್ನೂ, ಅದನ್ನು ನೋಡಿ ಏಳಬೇಕಾದ 'ಟಿ' ಕಣವನ್ನೂ ಹೊರಗಿನಿಂದಲೇ ಒಟ್ಟಿಗೆ ಹಿಡಿದು ಕಟ್ಟಿಬಿಡುತ್ತದೆ. ಗುರುತು ನೋಡುವ ಪ್ರಶ್ನೆಯೇ ಬರುವುದಿಲ್ಲ. ಐದರಲ್ಲೊಂದು ಕಣದವರೆಗೂ ಒಮ್ಮೆಲೇ ಎದ್ದು ದೊಣ್ಣೆ ಹಿಡಿಯುತ್ತವೆ. ಅವು ಸುರಿಸುವ ರಾಸಾಯನಿಕ ಸಂದೇಶಗಳ ಪ್ರವಾಹದಲ್ಲಿ ಜ್ವರ ಏರುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ, ಒತ್ತಡ ಕುಸಿಯುತ್ತದೆ. ಗಲಭೆ ಮುಗಿದ ಮೇಲೆ ದಣಿದ ಕಣಗಳಲ್ಲಿ ಹಲವು ಸಾಯುತ್ತವೆ, ಉಳಿದವು ನಿಜವಾದ ಶತ್ರು ಬಂದರೂ ಸುಮ್ಮನಿರುತ್ತವೆ. ಇಂಥ ನಂಜಿಗೆ ಅವರು 'ಸೂಪರ್‌ಆ್ಯಂಟಿಜೆನ್' ಎಂದು ಹೆಸರಿಟ್ಟರು.

ಹಳಸಿದ ಸಿಹಿ ತಿಂದವರಿಗೆಲ್ಲ ಇಷ್ಟೆಲ್ಲ ಆಗುವುದಿಲ್ಲ, ಹೆದರಬೇಕಿಲ್ಲ. ಊಟದ ಮೂಲಕ ಹೋದ ನಂಜು ಬಹುತೇಕ ಕರುಳಿನಲ್ಲೇ ತನ್ನ ಆಟ ಆಡಿ, ನರಗಳ ಮೂಲಕ ಮಿದುಳಿಗೆ ವಾಂತಿಯ ಸಂದೇಶ ಕಳಿಸಿ, ಒಂದು ದಿನದಲ್ಲಿ ಮುಗಿದುಹೋಗುತ್ತದೆ. ರಕ್ತಕ್ಕೆ ಸೇರಿದಾಗಲೇ ಅದು ಟಾಕ್ಸಿಕ್ ಶಾಕ್ ಆಗುವುದು. ಆದರೂ ಈ ಕಾಯಿಲೆಯ ಕಥೆ ಓದುವಾಗ ನನಗೆ ಆ ಮದುವೆಯ ಚಪ್ಪರವೇ ನೆನಪಾಗುತ್ತದೆ. ಯಾರನ್ನು ಹಿಡಿಯಬೇಕೆಂದು ಗೊತ್ತಿಲ್ಲದೆ ಎಲ್ಲರೂ ಒಟ್ಟಿಗೆ ದೊಣ್ಣೆ ಹಿಡಿದ ಊರು.

ಗಡಿಯಾರದ ಸಾಕ್ಷಿ

ವಿಷ ಹಾಕುವವರೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದ ತಿಂದು 17 ಜನ ಸತ್ತರು. ಅದರಲ್ಲಿ ಬೆರೆತದ್ದು ಕೀಟನಾಶಕ. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳ ಜೀವ ತೆಗೆದದ್ದೂ ಕೀಟನಾಶಕವೇ. ಇಂಥ ಪ್ರಕರಣಗಳಲ್ಲಿ ಹೊಣೆಗಾರರನ್ನು ಹುಡುಕಲೇಬೇಕು. ಆದರೆ ಇವುಗಳ ನೆನಪೇ ಪ್ರತಿಯೊಂದು ಹೊಟ್ಟೆನೋವಿನ ಹಿಂದೆಯೂ ಒಬ್ಬ ಪಾಪಿಯನ್ನು ಕಾಣಿಸುತ್ತದೆ. ಅಂಥ ಹೊತ್ತಿನಲ್ಲಿ ಬೆರಳು ತೋರುವುದು ಬಡ ಅಡುಗೆಯವಳತ್ತ, ಬೇರೆ ಜಾತಿಯವಳತ್ತ, ಬೇರೆ ಧರ್ಮದವನತ್ತ.

ತನಿಖೆಗೆ ಹೋದ ಆರೋಗ್ಯಾಧಿಕಾರಿ ಮೊದಲು ಕೇಳಬೇಕಾದದ್ದು 'ಯಾರು ಮಾಡಿದ್ದು' ಎಂದಲ್ಲ, 'ಎಷ್ಟು ಹೊತ್ತಿಗೆ' ಎಂದು. ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ಜೋರಾಗಿದ್ದು ಜ್ವರವಿಲ್ಲದಿದ್ದರೆ ಸ್ಟ್ಯಾಫಿಲೊಕಾಕಸ್ ನಂಜನ್ನೋ, ಅನ್ನದಲ್ಲಿ ಬೆಳೆಯುವ ಬೆಸಿಲಸ್ ಸೀರಿಯಸ್ ನಂಜನ್ನೋ ಶಂಕಿಸಬೇಕು. ಎರಡನೆಯದೂ ಕುದಿತಕ್ಕೆ ಜಗ್ಗದ ನಂಜು. ಎಂಟು ಹತ್ತು ಗಂಟೆಯ ನಂತರ ವಾಂತಿಯಿಲ್ಲದೆ ಹೊಟ್ಟೆ ನುಲಿದು ಭೇದಿಯಾದರೆ, ದೊಡ್ಡ ಹಂಡೆಯಲ್ಲಿ ನಿಧಾನವಾಗಿ ಆರಿದ ಮಾಂಸದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಇರಬಹುದು. ಅರ್ಧ ದಿನದ ಮೇಲೆ ಜ್ವರದೊಂದಿಗೆ ಬಂದರೆ ಸಾಲ್ಮೊನೆಲ್ಲಾ. ಎರಡನೆಯ ಪ್ರಶ್ನೆ, ಕಾಯಿಲೆ ಬಿದ್ದವರೆಲ್ಲ ತಿಂದದ್ದು ಯಾವುದು, ಬೀಳದವರು ಬಿಟ್ಟದ್ದು ಯಾವುದು ಎಂಬುದು. ಬಿಸಿಯೂಟವನ್ನು ಮಕ್ಕಳಿಗಿಂತ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಒಳ್ಳೆಯದೇ. ಕೀಟನಾಶಕದ ಘಾಟು ಅದರಿಂದ ತಿಳಿದೀತು. ಎರಡು ಮೂರು ಗಂಟೆ ಕಾದು ಕೆಲಸ ಮಾಡುವ, ರುಚಿಯೇ ಇಲ್ಲದ ಈ ನಂಜು ಮಾತ್ರ ಆ ಚಮಚಕ್ಕೆ ಸಿಗುವುದಿಲ್ಲ.

ಆ ಸಂಜೆ ಈ ಪ್ರಶ್ನೆಗಳನ್ನು ಯಾರಾದರೂ ಕೇಳಿದ್ದರೆ ಉತ್ತರ ಚಪ್ಪರದಲ್ಲೇ ಇತ್ತು. ಬಿರಿಯಾನಿ ಮುಟ್ಟದೆ ಅನ್ನ ಸಾರು ಉಂಡ ಪಕ್ಕದ ಮನೆಗಳವರೂ ವಾಂತಿ ಮಾಡಿಕೊಂಡಿದ್ದರು. ಬಿರಿಯಾನಿ ಉಂಡು ಫಿರ್ನಿಗೆ ಕಾಯದೆ ಬಸ್ಸು ಹಿಡಿದ ಅರಸೀಕೆರೆಯ ನೆಂಟರಿಗೆ ಏನೂ ಆಗಿರಲಿಲ್ಲ. ಹಳೆಯ ಮಾಂಸದ ಮಾತು ಅಲ್ಲಿಗೇ ಬಿದ್ದುಹೋಗಬೇಕಿತ್ತು.

ಕೆಲವು ವರ್ಷಗಳ ನಂತರ ಚಾಚಾ ಅರಸೀಕೆರೆಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದಾಗ ಸಿಕ್ಕರು. ಆ ಹೊತ್ತಿಗೆ ನಾನು ಇದನ್ನೆಲ್ಲ ಒಂದಿಷ್ಟು ಓದಿಕೊಂಡಿದ್ದೆ.

'ಚಾಚಾ, ಆ ಫಿರ್ನಿ ಒಲೆಯಿಂದ ಇಳಿಸಿದ್ದು ಯಾವಾಗ?'

ಅವರು ಯೋಚಿಸಲೇ ಇಲ್ಲ. 'ಹಿಂದಿನ ರಾತ್ರಿ, ಇಶಾ ನಮಾಜಿಗೆ ಮುಂಚೆ. ಎಂಟು ಗಂಟೆ ಅಂತಿಟ್ಕೊ. ಬೆಳಿಗ್ಗೆ ಹನ್ನೊಂದಕ್ಕೇ ಊಟ ಅಂದಿದ್ರು ಬೇಟಾ. ಬಾರಾತಿನ ಬಸ್ಸು ಕೆಟ್ಟು ನಿಂತು ಬಡಿಸೋ ಹೊತ್ತಿಗೆ ಎರಡೂವರೆ ಆಯ್ತು.'

ಬೇಸಿಗೆಯ ಹದಿನೆಂಟೂವರೆ ಗಂಟೆ. ಬಟ್ಟಲುಗಳಿಗೆ ತುಂಬಿದ್ದು ಯಾರು ಎಂದೂ ಕೇಳಿದೆ. ಮನೆಯ ಹೆಂಗಸರು, ಮಕ್ಕಳು, ಹತ್ತಾರು ಕೈಗಳು ಎಂದರು. ಅವುಗಳಲ್ಲಿ ನನ್ನವೂ ಎರಡಿದ್ದವು.